ಅಡ್ಡ ಏಟಿನ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಲಿ ನಿವೇಶನದ ನಡುವೆ ಒಂದು ಜೀಪು ನಿಂತಿದೆ. ಅದರ ಮುಂದಿನ ಎರಡೂ ಚಕ್ರಗಳ ಕೆಳಗೆ ಒಂದು ದಪ್ಪ ಮರದ ಹಲಗೆ. ಹಲಗೆಯ ತುದಿಯಲ್ಲಿ, ಗಂಡನ ಹಳೆಯ ಅಂಗಿ ತೊಟ್ಟ ಐವತ್ತರ ಆಸುಪಾಸಿನ ಹೆಂಗಸು ಎಂಟು ಕಿಲೋ ತೂಕದ ಸುತ್ತಿಗೆ ಹಿಡಿದಿದ್ದಾರೆ.

"ಯಾರೂ ಅಲ್ಲಾಡ್ಬೇಡಿ."

ಕಾವಲುಗಾರ ಬೀಡಿ ಹಚ್ಚುವುದನ್ನೂ ನಿಲ್ಲಿಸುತ್ತಾನೆ. ಸುತ್ತಿಗೆ ಹಲಗೆಯ ತುದಿಗೆ ಅಡ್ಡಲಾಗಿ ಬಡಿಯುತ್ತದೆ.

ಪಕ್ಕದಲ್ಲೇ ನೆಲಕ್ಕೆ ಇಳಿಸಿದ ಕೊಳವೆಯಿದೆ. ಅದರೊಳಗೆ ಕೇಬಲ್ಲಿನ ತುದಿಯಲ್ಲಿ ತೂಗುವ ಪುಟ್ಟ ಯಂತ್ರ ಆ ಏಟಿನ ಅಲೆಯನ್ನು ಹಿಡಿಯುತ್ತದೆ. ಅಲೆ ಬೇಗ ಬಂದರೆ ನೆಲದಡಿಯ ಮರಳು ಗಟ್ಟಿ, ನಿಧಾನವಾದರೆ ಸಡಿಲ. ಪರದೆ ನೋಡುತ್ತಿರುವ ಯುವ ಇಂಜಿನಿಯರ್ ಹೇಳುತ್ತಾಳೆ, "ಬಂತು ಅಕ್ಕ. ಈಗ ಆ ಕಡೆಯಿಂದ."

ಅಕ್ಕ ಜೀಪನ್ನು ಸುತ್ತಿ ಇನ್ನೊಂದು ತುದಿಗೆ ಹೋಗುತ್ತಾರೆ. ಎಡದಿಂದ ಹೊಡೆದ ಅಲೆ, ಬಲದಿಂದ ಹೊಡೆದ ಅಲೆ ಎರಡೂ ಕನ್ನಡಿಯ ಬಿಂಬದಂತೆ ಹೊಂದಬೇಕು. ಅದಕ್ಕೆ ಎರಡೂ ಕೈಯ ಏಟು ಒಂದೇ ಹದದಲ್ಲಿರಬೇಕು. ಇದನ್ನೆಲ್ಲ ಬರೆದುಕೊಳ್ಳಲು ಬಂದ ನನಗೆ ಅಕ್ಕ ಹೇಳುತ್ತಾರೆ, "ಎಡಗೈ ಪಳಗ್ಲಿ ಅಂತ ಒಂದು ವರ್ಷ ಎಡಗೈಯಲ್ಲೇ ಬಟ್ಟೆ ಒಗ್ದೆ. ನಮ್ಮನೆಯವ್ರ ಅಂಗಿಗೆ ಆ ವರ್ಷ ಒಂದು ಗುಂಡಿನೂ ಉಳೀಲಿಲ್ಲ."

ಅವರ ಮನೆಯವರು ಜೀಪಿನೊಳಗೇ ಇದ್ದಾರೆ. ಚಾಲಕ ಅವರೇ. ಹಲಗೆ ಜಾರದಂತೆ ಭಾರವಾಗಿ, ಉಸಿರು ಬಿಗಿಹಿಡಿದು ಕೂರುವುದೂ ಅವರ ಕೆಲಸ. "ಮದುವೆಯಾದಾಗಿಂದ ಇವ್ರನ್ನ ಬಾಯ್ಮುಚ್ಚಿ ಕೂರ್ಸಿರೋದು ಈ ಕೆಲ್ಸ ಒಂದೇ" ಎನ್ನುತ್ತಾರೆ ಅಕ್ಕ. ಗಂಡ ಕಿಟಕಿಯಿಂದ ಬೆರಳೆತ್ತಿ ಏನೋ ಹೇಳಲು ಹೋಗುವಷ್ಟರಲ್ಲಿ ಅಕ್ಕ ಮತ್ತೆ ಸುತ್ತಿಗೆ ಎತ್ತುತ್ತಾರೆ.

ಹದಿನಾಲ್ಕು ವರ್ಷದ ಹಿಂದೆ ಗಂಡನಿಗೆ ಬುತ್ತಿ ಕೊಡಲು ಬಂದವರು ಇವರು. ಅಂದು ಸುತ್ತಿಗೆಯವನು ಬಂದಿರಲಿಲ್ಲ. ರಸ್ತೆ ಕೆಲಸದಲ್ಲಿ ದಿಮ್ಮಸಿನಿಂದ ನೆಲ ಕುಟ್ಟಿ ಪಳಗಿದ ತೋಳು, ನಾನು ಹೊಡೆಯಲೇ ಎಂದು ಕೇಳಿದರು, ಹೊಡೆದರು. ಮೊದಲ ವಾರವೇ ಸುತ್ತಿಗೆ ಜಾರಿ ಮೊಣಕಾಲ ಚಿಪ್ಪು ಒಡೆಯಿತು. ಈಗ ಬಲ ಭುಜ ಮೇಲೇಳುವಾಗ ಕಟಕಟ ಎನ್ನುತ್ತದೆ. ಒಂದು ಕೊಳವೆಗೆ ನೂರಿಪ್ಪತ್ತಕ್ಕೂ ಹೆಚ್ಚು ಏಟು. ಊರು ಏಳುವ ಮೊದಲೇ ಮುಗಿಯಬೇಕು. ಲಾರಿಗಳು ಓಡಾಡತೊಡಗಿದರೆ ಅವುಗಳ ಸದ್ದೇ ಅಲೆಯನ್ನು ನುಂಗುತ್ತದೆ.

ಇವತ್ತು ಅಕ್ಕ ಎಂದಿಗಿಂತ ಕಡಿಮೆ ಮಾತಾಡುತ್ತಿದ್ದಾರೆ. ಈ ನಿವೇಶನದಲ್ಲಿ ಕಾರ್ಮಿಕರ ಸಂಘದ ನಾಲ್ಕು ಮಹಡಿಯ ಮನೆಗಳು ಏಳಬೇಕು. ನೆಲಮಹಡಿಯ ಒಂದು ಮನೆ ಅಕ್ಕನ ತಂಗಿಯದು. ತಂಗಿಯ ಗಂಡ ಮೆಟ್ಟಿಲು ಹತ್ತಲಾರರು. ಇದು ತಪ್ಪಿದರೆ ಅವರಿಗೆ ಬೇರೆ ಮನೆಯಿಲ್ಲ.

ಮೊದಲು ಬಂದ ಬೇರೊಂದು ತಂಡ ಮೇಲಿನಿಂದಷ್ಟೇ ಹೊಡೆದು, ನೆಲ ಗಟ್ಟಿಯಿದೆ ಎಂದು ಬರೆದುಕೊಟ್ಟು ಹೋಗಿತ್ತು. ಆದರೆ ಇಲ್ಲಿ ಮರಳಿನ ತುಂಬ ನೀರಿದೆ. ಮೇಲಿನ ಏಟಿನ ಅಲೆಯನ್ನು ಆ ನೀರೇ ಹೊತ್ತು ಓಡುತ್ತದೆ, ಸಡಿಲ ಮರಳೂ ಗಟ್ಟಿಯಂತೆ ಕಾಣುತ್ತದೆ. ಅಡ್ಡ ಅಲೆಯನ್ನು ನೀರು ಹೊರಲಾರದು. ಮರಳಿನ ಕಣಗಳೇ ಒಂದರಿಂದ ಒಂದಕ್ಕೆ ದಾಟಿಸಬೇಕು. ಎಂಟು ತಿಂಗಳ ಹಿಂದೆ ಅಕ್ಕ ಇಲ್ಲಿ ಅಡ್ಡಲಾಗಿ ಹೊಡೆದಾಗ ಅಲೆ ತೆವಳಿಕೊಂಡು ಬಂತು. ಇಂಥ ಮರಳು ಭೂಮಿ ನಡುಗಿದಾಗ ಕೆಸರಿನಂತೆ ಕುಸಿದು, ಮೇಲಿನ ಕಟ್ಟಡವನ್ನು ವಾಲಿಸುತ್ತದೆ. ಮನೆ ಕಟ್ಟುವ ಕೆಲಸ ನಿಂತಿತು.

"ಬೇರೆಯವ್ರು ಹೊಡೆದ್ರೆ ಗಟ್ಟಿ, ನಮ್ಮಕ್ಕ ಹೊಡೆದ್ರೆ ಮೆತ್ತಗೆ! ಒಡಹುಟ್ಟಿದವ್ಳಲ್ವಾ, ಇನ್ನೊಂದು ಸ್ವಲ್ಪ ಜೋರಾಗಿ ಹೊಡೀಬಾರ್ದಿತ್ತಾ?" ಎಂದು ಹೋದ ತಂಗಿ ಎಂಟು ತಿಂಗಳು ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ.

"ಜೋರಾಗಿ ಹೊಡೆದ್ರೆ ಅಲೆ ದೊಡ್ಡದಾಗತ್ತೆ, ಬೇಗ ಬರಲ್ಲ" ಎನ್ನುತ್ತಾರೆ ಅಕ್ಕ. "ಅದ್ನ ಅವ್ಳಿಗೆ ಹೇಗೆ ಹೇಳ್ಲಿ? ಹೇಳೋಕೆ ಹೋದ್ರೆ ಫೋನೇ ಇಟ್ಬಿಡೋಳು."

ಆ ಎಂಟು ತಿಂಗಳಲ್ಲಿ ಕ್ರೇನು ಭಾರೀ ಗುಂಡನ್ನು ಎತ್ತೆತ್ತಿ ಕೆಡವಿ ಇಡೀ ನೆಲವನ್ನು ಕುಟ್ಟಿದೆ. ಇದು ಮರುಪರೀಕ್ಷೆ. ಬೇಲಿಯಾಚೆ ತಂಗಿ ಬಂದು ನಿಂತಿದ್ದಾಳೆ. ಅಕ್ಕ ನೋಡಿಯೂ ಕರೆಯುವುದಿಲ್ಲ. ಕೊನೆಯ ಏಟಿನವರೆಗೂ ಅವರ ಕಣ್ಣು ಹಲಗೆಯ ತುದಿಯಿಂದ ಕದಲುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಇಂಜಿನಿಯರ್ ಲೆಕ್ಕ ಮುಗಿಸಿ ತಲೆಯೆತ್ತುತ್ತಾಳೆ. ಸಡಿಲವಿದ್ದ ಪದರದಲ್ಲಿ ಅಲೆಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. "ಕಟ್ಟಬಹುದು ಅಕ್ಕ."

ಅಕ್ಕ ಹಲಗೆಯ ಮೇಲೆ ಕೂರುತ್ತಾರೆ. ತಂಗಿ ಬೇಲಿ ದಾಟಿ ಬರುತ್ತಾಳೆ. ಅಕ್ಕನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಎರಡು ಹೆಜ್ಜೆ ಇಡುವಷ್ಟರಲ್ಲಿ ಬಾಗಿಹೋಗುತ್ತಾಳೆ. "ಅಯ್ಯೋ, ಇಷ್ಟು ಭಾರನಾ?" ಆದರೂ ಕೆಳಗಿಡದೆ ಜೀಪಿನ ಹಿಂಬದಿಯವರೆಗೆ ಹೊತ್ತೊಯ್ಯುತ್ತಾಳೆ.

ಇನ್ನೇನಾದರೂ ಆಸೆಯಿದೆಯೇ ಎಂದು ಅಕ್ಕನನ್ನು ಕೇಳುತ್ತೇನೆ. ಭುಜ ನೀವಿಕೊಳ್ಳುತ್ತಾರೆ. "ಮನೆ ಆದ್ಮೇಲೆ ಒಂದು ಮಧ್ಯಾಹ್ನ ಅವ್ಳ ಮನೆ ನೆಲದ್ಮೇಲೆ, ಚಾಪೆನೂ ಹಾಸ್ಕೊಳ್ದೆ ಮಲ್ಗಬೇಕು. ಅಷ್ಟೇ."

ಜೀಪಿನ ಹಿಂದಿನಿಂದ ತಂಗಿಯ ದನಿ ಬರುತ್ತದೆ. "ಮಲ್ಕೋ ಬಾ. ಗೊರಕೆ ಮಾತ್ರ ಹೊಡೀಬೇಡ, ಮೇಲೆ ಮೂರು ಮಹಡಿ ಜನ ಇರ್ತಾರೆ!"