ಅರ್ಧ ಗಡ್ಡ, ಪೂರ್ತಿ ಚರಿತ್ರೆ

ಇತಿಹಾಸದ ಪಾಠಕ್ಕೆ ಹೆದರಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಅದೇ ಇತಿಹಾಸ ಡಚ್ಚರ ನಾಡಿನ ಯುಟ್ರೆಕ್ಟ್ ಪಟ್ಟಣದ ಕ್ಷೌರದಂಗಡಿಯಲ್ಲಿ ಹಿಡಿದು ಕೂರಿಸಿತು. ಹೂಫ್‌ಡಾರ್ಪ್‌ನ ಗೋದಾಮೊಂದರಲ್ಲಿ ಕೆಲಸ ಕೇಳಲು ಹೊರಟಿದ್ದೆ. ರೈಲಿಗೆ ಇಪ್ಪತ್ತೇ ನಿಮಿಷ. ಅರ್ಧ ಗಡ್ಡ ಹೋಗಿತ್ತು. ಕನ್ನಡಿಯ ಮೇಲೆ ಯಾವುದೋ ಫುಟ್‌ಬಾಲ್ ತಂಡದ ಹಳೇ ಫೋಟೋ ನೋಡಿ, "ಎಷ್ಟು ಕಪ್ ಗೆದ್ದಿದ್ದಾರೆ ಯಜಮಾನ್ರೇ?" ಅಂದುಬಿಟ್ಟೆ.

ಅಂಗಡಿಯ ಮೊರಾಕ್ಕೊ ಮುದುಕ ಕತ್ತಿ ಕೆಳಗಿಟ್ಟ.

"ಕಪ್ಪಿನ ಮಾತು ಆಮೇಲೆ. ಮೊದಲು ನಮ್ಮ ಕ್ಲಬ್ಬಿನ ಚರಿತ್ರೆ ಕೇಳು ತಮ್ಮಾ."

ಅವನ ಪುಟ್ಟ ಊರಿನ ಕ್ಲಬ್ ಕಟ್ಟಿದ್ದು ಮೀನುಗಾರರಂತೆ. ಮೈದಾನದ ಪಕ್ಕದಲ್ಲೇ ಸಮುದ್ರ. ಚೆಂಡು ನೀರಿಗೆ ಬಿದ್ದರೆ ದೋಣಿ ಹೋಗಿ ತರುವವರೆಗೂ ಎರಡೂ ತಂಡ ಕಾಯಬೇಕು.

"ನಾವು ಗೆಲ್ತಾ ಇದ್ರೆ ದೋಣಿ ಬಹಳ ನಿಧಾನ," ಎಂದು ಕಣ್ಣು ಹೊಡೆದ. "ಸೋಲ್ತಾ ಇದ್ರೆ ಬಾಣದ ಹಾಗೆ! ಹುಟ್ಟು ಹಾಕ್ತಿದ್ದದ್ದು ನಮ್ಮಪ್ಪ."

ನಾನು ಗಡಿಯಾರ ನೋಡಿದೆ. "ಯಜಮಾನ್ರೇ, ನಾನೀಗ ಸೋಲ್ತಾ ಇದೀನಿ!"

ಮುದುಕ ಬಿದ್ದು ಬಿದ್ದು ನಕ್ಕು, ಎರಡೇ ನಿಮಿಷದಲ್ಲಿ ಗಡ್ಡ ಮುಗಿಸಿದ. ರೈಲೂ ಸಿಕ್ಕಿತು, ಕೆಲಸವೂ ಸಿಕ್ಕಿತು. ಕಪ್ ಎಷ್ಟು ಅನ್ನೋದು ಮಾತ್ರ ಇವತ್ತಿಗೂ ಗೊತ್ತಿಲ್ಲ. ಕೇಳಬೇಕೆಂದರೆ ಒಂದಿಡೀ ರಜಾದಿನ ಬೇಕು, ಮತ್ತೆ ಅಷ್ಟೇ ಉದ್ದದ ಗಡ್ಡವೂ ಬೇಕು.