ಹಗಲು ಹೇಳಿದ ಕಥೆ

ಅವಳ ನಡುನೆತ್ತಿಯಲ್ಲಿ ಅಂಗೈಯಗಲ ಕೂದಲು ಸವೆದು ಹೋಗಿತ್ತು. ವರ್ಷಗಟ್ಟಲೆ ಹಾಲಿನ ಬಿಂದಿಗೆ ಹೊತ್ತದ್ದಕ್ಕೆ ಆದದ್ದು. ಬಿಂದಿಗೆ ಇಳಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸುತ್ತು ಬಿಚ್ಚತೊಡಗಿದಳೆಂದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಕಥೆ ಶುರುವಾಗುತ್ತಿದ್ದದ್ದೇ ಹಾಗೆ.

ಅವಳು ನಮ್ಮ ಹಾಲಿನವಳು. ಬಂಗಾರಪೇಟೆಯ ಆಚೆಗಿನ ಹಳ್ಳಿಯಿಂದ ಮಧ್ಯಾಹ್ನದ ರೈಲಿಗೆ ಬಂದು, ರಾಬರ್ಟ್‌ಸನ್‌ಪೇಟೆಯ ಮನೆಗಳಿಗೆಲ್ಲ ಹಾಲು ಹಾಕಿ, ಕೊನೆಗೆ ನಮ್ಮ ವರಾಂಡದಲ್ಲಿ ಕೂರುತ್ತಿದ್ದಳು. ಅವಳ ಒಬ್ಬನೇ ತಮ್ಮ ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸಕ್ಕಿದ್ದ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಇವಳೇ. ಶಿಫ್ಟು ಮುಗಿಸಿ ಬಂದು ಅವನು ನಮ್ಮ ಗೇಟಿನಲ್ಲಿ "ಅಕ್ಕೋ" ಎಂದು ಕೂಗಿದರೆ ಇಬ್ಬರೂ ಒಟ್ಟಿಗೆ ಸ್ಟೇಷನ್ನಿನ ಕಡೆ ನಡೆಯುವರು. ಅಮ್ಮ ದೀಪ ಹಚ್ಚಿದ್ದಕ್ಕೂ ಆ ಕೂಗಿಗೂ ನಡುವಿನ ಅರ್ಧ ಗಂಟೆ ಪೂರ್ತಿ ನನ್ನದು. ಚಿನ್ನ ತೆಗೆದುಳಿದ ಮಣ್ಣು ಸುರಿದು ಬೆಳೆದ ದೂರದ ಸೈನೈಡ್ ದಿಬ್ಬಗಳು ಗುಲಾಬಿ ಬಣ್ಣಕ್ಕೆ ತಿರುಗಿ, ನೋಡನೋಡುತ್ತಲೇ ಕರಗಿ, ಅಲ್ಲಿ ಏನೂ ಇರಲೇ ಇಲ್ಲವೆನ್ನುವಂತಾಗುವ ಹೊತ್ತು ಅದು.

ದೀಪ ಹಚ್ಚುವ ಮುಂಚೆ ಎಷ್ಟು ಗೋಗರೆದರೂ ಅವಳು ಕಥೆಗೆ ಬಾಯಿ ಬಿಡುತ್ತಿರಲಿಲ್ಲ.

"ಅಗಲೊತ್ತು ಕತೆ ಏಳಿದ್ರೆ ಮನೆ ಬಿಟ್ ಓಗಿರೋರು ದಾರಿ ತಪ್ತಾರೆ ಕಣಮ್ಮಣ್ಣಿ. ನನ್ ತಮ್ಮ ಕೆಳ್ಗವ್ನೆ."

"ಕೆಳಗೆ ಯಾವಾಗ್ಲೂ ಕತ್ತಲೇ ಅಲ್ವಾ? ಅವನಿಗೆ ಹಗಲೇನು, ರಾತ್ರಿಯೇನು?" ಎಂದು ನಾನು ಲಾಜಿಕ್ ಹೂಡುತ್ತಿದ್ದೆ.

"ಕಾನ್ವೆಂಟ್ನಾಗೆ ಓದು ಕಲಿಸ್ತಾರೋ, ನಾಲ್ಗೆ ಉದ್ದ ಮಾಡ್ ಕಳಿಸ್ತಾರೋ!" ಎಂದು ನಗುವಳು. ಸಿಂಬಿಯ ಒಂದು ಸುತ್ತನ್ನೂ ಬಿಚ್ಚುತ್ತಿರಲಿಲ್ಲ.

ಕಾನ್ವೆಂಟಿನಲ್ಲೂ ರೂಲ್ಸಿಗೇನು ಕಡಿಮೆ ಇರಲಿಲ್ಲ. ಕಾರಿಡಾರಿನಲ್ಲಿ ಓಡಿದರೆ ಇಂಪೊಸಿಷನ್, ಪ್ರೇಯರಿನಲ್ಲಿ ನಕ್ಕರೆ ಬೆಂಚಿನ ಮೇಲೆ. ಮುರಿದರೆ ಪನಿಷ್ಮೆಂಟ್ ಇರಬೇಕು, ಇಲ್ಲದಿದ್ದರೆ ಅದೆಂಥ ರೂಲ್? ಹತ್ತು ವರ್ಷದ ನನಗೆ ಅದರಲ್ಲಿ ಡೌಟೇ ಇರಲಿಲ್ಲ.

ಆ ವರ್ಷ ಅವಳು ಹೇಳುತ್ತಿದ್ದದ್ದು ನೆಲದಡಿಯ ಒಂದು ಊರಿನ ಕಥೆ. ಅಲ್ಲಿ ಮರದ ಎಲೆಗಳೂ ಹೊನ್ನು, ಎಲೆ ಉದುರಿದರೆ ಗೆಜ್ಜೆಯ ಸದ್ದು. ಮೇಲಿನವರು ಇಳಿಯಬಹುದು, ಉಣ್ಣಬಹುದು, ಕುಣಿಯಬಹುದು. ಸೂರ್ಯನ ಮಾತು ಮಾತ್ರ ಎತ್ತಬಾರದು. ಎತ್ತಿದವರು ನಿಂತಲ್ಲೇ ಕಲ್ಲು. ಒಬ್ಬ ಹುಡುಗ ಹೊನ್ನಿನ ಎಲೆಗೆ ಆಸೆಪಟ್ಟು ಇಳಿದವನು ತನ್ನ ಮನೆಯನ್ನೇ ಮರೆತ. ಅವನನ್ನು ಹುಡುಕಿಕೊಂಡು ಅವನಕ್ಕ ಇಳಿದಳು. ಕಲ್ಲಾದವರ ಸಾಲು ದಾಟಿ ದಾಟಿ, ಕೊನೆಗೆ ಅವನನ್ನು ಕಂಡಳು. ಕಂಡಳು ಎನ್ನುವಷ್ಟರಲ್ಲಿ ಗೇಟಿನಿಂದ "ಅಕ್ಕೋ!" ಹಾಲಿನವಳು ಸಿಂಬಿ ಸುತ್ತಿಕೊಂಡು ಎದ್ದೇಬಿಟ್ಟಳು.

ಮರುದಿನದಿಂದ ನನಗೆ ಟೈಫಾಯ್ಡ್. ಹೊನ್ನಿನ ಎಲೆಗಳು ಸೊಳ್ಳೆಪರದೆಯ ಒಳಗೇ ಉದುರುತ್ತಿದ್ದವು. ಎಷ್ಟು ದಿನ ಹಾಗೆ ಕಳೆಯಿತೋ. ಗಂಜಿ ಒಳಗೆ ಹೋಗದಿದ್ದರೆ ಮಗು ಉಳಿಯುವ ಭರವಸೆ ಕೊಡಲಾರೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದರಂತೆ. ಆ ದಿನ ಅವಳು ಹಾಲು ಹಾಕಿ ನನ್ನ ಕೋಣೆಗೆ ಬಂದಳು. ಹೊರಗೆ ಉರಿಬಿಸಿಲು.

"ಆ ಹುಡುಗ ಮನೆಗೆ ಬಂದನಾ?" ಎಂದೆ. ಎಷ್ಟೋ ದಿನದ ಮೇಲೆ ನಾನಾಡಿದ ಮೊದಲ ಮಾತಂತೆ ಅದು.

ಅಮ್ಮ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಹಾಲಿನವಳು ಕಿಟಕಿಯಾಚೆಯ ಬಿಸಿಲನ್ನು ಒಮ್ಮೆ ನೋಡಿದಳು. ಆಮೇಲೆ ಹಾಸಿಗೆಯ ಅಂಚಿಗೆ ಕೂತು ಸಿಂಬಿ ಬಿಚ್ಚತೊಡಗಿದಳು.

"ಒಂದ್ ಗುಟುಕಿಗೆ ಒಂದ್ ಮಾತು. ಆಯ್ತಾ?"

ಅರ್ಧ ಬಟ್ಟಲು ಮುಗಿದಿತ್ತು. ನೆಲದೊಳಗೆ ಗುಡುಗಿದಂತಾಗಿ ಅಡುಗೆಮನೆಯ ಪಾತ್ರೆಗಳೆಲ್ಲ ಗಲಗಲ ಎಂದವು. ನಮ್ಮೂರಿನಲ್ಲಿ ಅದರ ಅರ್ಥ ಯಾರಿಗೂ ಹೇಳಬೇಕಾಗಿರಲಿಲ್ಲ: ಗಣಿಯಲ್ಲಿ ಬಂಡೆ ಸಿಡಿದಿದೆ. ಬೀದಿಯಲ್ಲಿ ಹೆಂಗಸರು ಓಡುವ ಸದ್ದು.

"ಹೋಗಮ್ಮಾ, ನೀನು ಹೋಗು," ಎಂದಳು ಅಮ್ಮ.

ಹಾಲಿನವಳ ಸೆರಗು ನನ್ನ ಮುಷ್ಟಿಯಲ್ಲಿತ್ತು. ಬಟ್ಟಲಲ್ಲಿ ಇನ್ನೂ ಗಂಜಿ ಇತ್ತು. ಅವಳು ಏಳಲಿಲ್ಲ.

"ತಮ್ಮಾ, ಒತ್ತು ಮುಳುಗ್ತು, ಮನೆಗ್ ಬಾರೋ ಅಂತ ಕೂಗ್ಬಿಟ್ಲು. ಊರ್ಗೂರೇ ಗಪ್ಪಂತ ನಿಂತ್ಕೊಂತು. ಅವ್ಳು ಕಾಲ್ ನೋಡ್ಕೊಂಡ್ಲು, ಕೈ ನೋಡ್ಕೊಂಡ್ಲು..." ಇಲ್ಲಿಗೆ ಬಂದು ನಿಂತಳು. ಬಹಳ ಹೊತ್ತು ನಿಂತಳು. "ಏನೂ ಆಗ್ಲಿಲ್ಲ. ಇಬ್ರೂ ಕೈ ಇಡ್ಕೊಂಡು ಮೇಲಕ್ ಬಂದ್ರು."

ಕೊನೆಯ ಗುಟುಕು ಇಳಿದದ್ದೇ ತಡ, ಸಿಂಬಿ, ಬಿಂದಿಗೆ ಎರಡನ್ನೂ ಬಿಟ್ಟು ಓಡಿದಳು. ನನಗೋ, ಆ ಜ್ವರದಲ್ಲೂ ಕೋಪ. ಕಲ್ಲಾಗಲೇ ಇಲ್ಲ! ಚೀಟಿಂಗ್!

ಸಂಜೆ, ದಿಬ್ಬಗಳು ಕರಗುವ ಹೊತ್ತಿಗೆ, ಗೇಟಿನಿಂದ "ಅಕ್ಕೋ" ಕೇಳಿಸಿತು. ಅಕ್ಕ ಅವನನ್ನು ಗಣಿಯ ಬಾಗಿಲಲ್ಲಿ ಕಾಯುತ್ತಿದ್ದಳು. ಅವನು ಇನ್ನೊಂದು ಕಡೆಯಿಂದ ಮೇಲೆ ಬಂದು ನೇರ ನಮ್ಮ ಮನೆಗೆ ಬಂದಿದ್ದ.

ಹುಷಾರಾದ ಮೇಲೆ ನಾನು ಲಾಯರಿನಂತೆ ಕೇಸು ಮಂಡಿಸಿದೆ. "ಸೂರ್ಯನ ಮಾತೆತ್ತಿದರೂ ಆ ಅಕ್ಕ ಕಲ್ಲಾಗಲಿಲ್ಲ. ನೀನು ಹಗಲಲ್ಲಿ ಕಥೆ ಹೇಳಿದೆ, ನಿನ್ನ ತಮ್ಮ ದಾರಿ ತಪ್ಪಲಿಲ್ಲ. ಎರಡೂ ಸುಳ್ಳು ರೂಲ್. ಇನ್ನು ಮೇಲೆ ಹಗಲಲ್ಲೇ ಹೇಳು."

ಅವಳು ನಗಲಿಲ್ಲ. "ಅವ್ನು ಬಂದ, ನಿಜ. ಬರೋಗಂಟ ನಾನೆಂಗ್ ನಿಂತಿದ್ದೆ ಅಂತ ನಿಂಗೊತ್ತಾ? ಸುಮ್ಕಿರು, ದೀಪ ಅಚ್ಲಿ."

ಮತ್ತೆಂದೂ ಹಗಲಲ್ಲಿ ಹೇಳಲಿಲ್ಲ. ಆ ಕಥೆಯನ್ನಂತೂ ದೀಪ ಹಚ್ಚಿದ ಮೇಲೂ ಹೇಳಲಿಲ್ಲ.

ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವಳ ತಮ್ಮ ಬಂದ. ಕಿವಿಯ ಬಳಿ ನರೆ. "ಅಕ್ಕ ಓಗ್ಬಿಟ್ಲು ಅಮ್ಮಣ್ಣಿ," ಎಂದು ಬಾಗಿಲಲ್ಲೇ ಕೂತ. ಊಟ ಹಾಕಿದೆ. ಆ ನೆಲದಡಿಯ ಊರಿನ ಕಥೆ ನಿನಗೆ ನೆನಪಿದೆಯಾ ಎಂದು ಕೇಳಿದರೆ, "ದೀಪ ಅಚ್ಲಿ, ಏಳ್ತೀನಿ," ಎಂದ. ಸಂಜೆಯ ತನಕ ಇಬ್ಬರೂ ಕಾದೆವು.

ದೀಪ ಹಚ್ಚಿದ ಮೇಲೆ ಅವನು ಹೇಳಿದ. ಎಲ್ಲ ಅದೇ, ಗೆಜ್ಜೆಯ ಸದ್ದೂ ಅದೇ. ಆದರೆ ಅಕ್ಕ ಕೂಗಿದೊಡನೆ ಕಲ್ಲಾದಳು. ತಮ್ಮನೊಬ್ಬನೇ ಮೇಲೆ ಬಂದ.

"ಇಲ್ಲಪ್ಪ, ಅವಳು ಕಲ್ಲಾಗಲಿಲ್ಲ," ಎಂದೆ.

"ಏ, ಕಲ್ಲಾಗ್ಲೇಬೇಕಲ್ಲ? ನಮ್ಮವ್ವ ಏಳಿದ್ರೂ ಕಲ್ಲೇ, ಅಕ್ಕ ಏಳಿದ್ರೂ ಕಲ್ಲೇ. ನಿಮ್ಗೆ ಯಾರು ಅಂಗೇಳಿದ್ದು?"

"ನಿಮ್ಮಕ್ಕನೇ. ಬಂಡೆ ಸಿಡಿದ ದಿನ. ನೀನಿನ್ನೂ ಕೆಳಗಿದ್ದೆ."

"ಅಗಲೊತ್ನಾಗಾ?"

ನಾನು ತಲೆಯಾಡಿಸಿದೆ. ಆಡಿಸುತ್ತಲೇ ನನಗೂ ಹೊಳೆಯಿತು. ತಾನೇ ಕಟ್ಟಳೆ ಮುರಿದು ಕೂತವಳು, ತಮ್ಮನಿದ್ದಾನೋ ಇಲ್ಲವೋ ತಿಳಿಯದ ಆ ಗಳಿಗೆಯಲ್ಲಿ, ಶಿಕ್ಷೆಯ ಮಾತನ್ನು ಬಾಯಿಗೆ ತರಲಾರದೆ ಹೋಗಿದ್ದಳು. ಅದನ್ನೇ ನಾನು ಚೀಟಿಂಗ್ ಎಂದಿದ್ದೆ.

ಅವನು ದೀಪದ ಹತ್ತಿರ ಸರಿದು ಕೂತ. ಆಮೇಲೆ, "ಅವ್ಳು ಏಳ್ದಂಗೇ ಒಂದ್ಸಲ ಏಳಿ ಅಮ್ಮಣ್ಣಿ," ಎಂದ.

ಬತ್ತಿ ಏರಿಸಿ ಹೇಳಿದೆ. ಕಾಲು ನೋಡಿಕೊಂಡಳು, ಕೈ ನೋಡಿಕೊಂಡಳು ಎನ್ನುವಲ್ಲಿಗೆ ಬಂದಾಗ, ಅವಳ ಹಾಗೆಯೇ, ನಾನೂ ಬಹಳ ಹೊತ್ತು ನಿಲ್ಲಬೇಕಾಯಿತು.