ಟೋಪಿ ತೆಗೆದು ಬಂದ ಅಧಿಕಾರಿ

ನನ್ನ ಮಗ ದೇಶದ ಇಂಧನ ನೀತಿ ರೂಪಿಸುವ ಮಂಡಳಿಗೆ ಅಧ್ಯಕ್ಷನಾದ! ಸೈನ್ಯದಲ್ಲಿ ಜನರಲ್ ಆಗಿ ನಿವೃತ್ತನಾಗಿ ಶಿವಮೊಗ್ಗದ ಮನೆಗೆ ಬಂದವನನ್ನು ದಿಲ್ಲಿಯವರು ಮತ್ತೆ ಕರೆದಿದ್ದಾರೆ. ಹಾಲಿನವನಿಗೆ ಹೇಳಿದ್ದೇನೆ, ಹೂವಿನವಳಿಗೆ ಹೇಳಿದ್ದೇನೆ, ಆಲ್ಕೊಳ ಸರ್ಕಲ್ಲಿನ ಆಟೋದವರಿಗೂ ಹೇಳಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಬರೆಯದೆ ಇರಲಾರೆ. ಈ ಸಿಹಿ ಸುದ್ದಿ ಬಂದ ದಿನ ನಾನು ಮನೆಯ ಒಲೆ ಆರಿಸಿ ಕೂತಿದ್ದೆ.

ಅವನು ಹುಟ್ಟಿದ್ದು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ. ನಮ್ಮ ಯಜಮಾನರು ಕಬ್ಬಿಣದ ಕಾರ್ಖಾನೆಯ ಕುಲುಮೆ ಮುಂದೆ ದುಡಿದವರು. ಮಗ ಸೈನ್ಯದ ಇಂಜಿನಿಯರ್ ದಳ ಸೇರಿದ. ಹಿಮದ ಠಾಣೆಗಳಿಗೆ ಹೇಸರಗತ್ತೆಗಳ ಮೇಲೆ ಡೀಸೆಲ್ ಸಾಗಿಸಿದ. ಜನರೇಟರ್ ನಿಂತು ಸೈನಿಕರ ಬೆರಳು ಚಳಿಗೆ ಕಪ್ಪಾಗುವುದನ್ನು ನೋಡಿದ. ಆಮೇಲೆ ಅಲ್ಲಿಗೆ ಬಿಸಿಲಿನಿಂದ ಕರೆಂಟ್ ತರುವ ಕೆಲಸದ ಬೆನ್ನು ಹತ್ತಿದ. ಜನರಲ್ ಆದ ಮೇಲೂ ರಜೆಗೆ ಬಂದರೆ ಅದೇ ಮಾತು. ದಿಲ್ಲಿಯವರು ಅವನನ್ನು ಕರೆದದ್ದು ಅದಕ್ಕೇ ಅಂತೆ.

ನಾನು ಮಾತ್ರ ಅಷ್ಟೂ ವರ್ಷ ಗೇಟಿನ ಕಡೆ ನೋಡುತ್ತ ಬದುಕಿದವಳು. ಯುದ್ಧದ ಕಾಲದಲ್ಲಿ ನಮ್ಮ ಬೀದಿಯ ಒಂದು ಮನೆಗೆ ಸೈನ್ಯದ ಜೀಪು ಬಂದಿತ್ತು. ಅಧಿಕಾರಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರು. ಆ ಮನೆಯ ತಾಯಿ, ಅವರು ಬಾಯಿ ಬಿಡುವ ಮೊದಲೇ, ಹೋಗಿ ಒಲೆಗೆ ನೀರು ಹೊಯ್ದಳು. ಸಾವಾದ ಮನೆಯಲ್ಲಿ ಒಲೆ ಉರಿಯಬಾರದಲ್ಲ.

ಸುದ್ದಿಯ ದಿನ ಮಗ ಬೆಳಿಗ್ಗೆಯೇ ಕಾರಿನಲ್ಲಿ ಭದ್ರಾವತಿಗೆ, ಹಾಸಿಗೆ ಹಿಡಿದ ತನ್ನ ಮೇಷ್ಟರನ್ನು ನೋಡಲು ಹೋಗಿದ್ದ. ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಎಂದವನು ಬರಲಿಲ್ಲ. ಫೋನ್ ಸ್ವಿಚ್ ಆಫ್. ಮಲವಗೊಪ್ಪದ ಹತ್ತಿರ ಲಾರಿ ಕಾರಿಗೆ ಗುದ್ದಿದೆಯಂತೆ ಎಂದು ಪಕ್ಕದ ಮನೆಯವಳು ಬೇರೆ ಹೇಳಿಹೋದಳು. ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿತ್ತು. ಕಿಟಕಿಯಲ್ಲಿ ನೋಡುತ್ತೇನೆ, ಗೇಟಿಗೆ ಜೀಪು! ಪೊಲೀಸ್ ಅಧಿಕಾರಿಯೊಬ್ಬರು ಇಳಿದರು. ಬಾಗಿಲ ಹತ್ತಿರ ಬಂದು ಟೋಪಿ ತೆಗೆದರು.

ನಾನು ಗ್ಯಾಸ್ ಆರಿಸಿದೆ.

“ಮನೇಲಿ ದೊಡ್ಡೋರು ಯಾರಿದಾರೆ?” ಎಂದು ಅವರು ಸೊಸೆಯನ್ನು ಕೇಳುತ್ತಿದ್ದರು.

ಗೋಡೆ ಹಿಡಿದುಕೊಂಡು ಹೊರಗೆ ಬಂದೆ. “ನಾನೇ ಕಣಪ್ಪ. ಸುತ್ತಿ ಬಳಸಬೇಡ. ಎಲ್ಲಿದಾನೆ ನನ್ನ ಮಗ?”

“ಅದನ್ನೇ ಕೇಳೋಣ ಅಂತ ಬಂದೆ ಅಮ್ಮ. ದಿಲ್ಲಿಯೋರು ಬೆಳಿಗ್ಗೆಯಿಂದ ಫೋನ್ ಮಾಡ್ತಿದಾರೆ, ಸಿಗ್ತಿಲ್ಲ. ಸಾಹೇಬ್ರನ್ನ ಇಂಧನ ಮಂಡಳಿಗೆ ಅಧ್ಯಕ್ಷರನ್ನಾಗಿ ಮಾಡಿದಾರೆ.”

“ಮತ್ತೆ ಟೋಪಿ ಯಾಕೆ ತೆಗೆದೆ?”

ಪಾಪ, ಅವರು ಕೈಯಲ್ಲಿದ್ದ ಟೋಪಿಯನ್ನೇ ನೋಡಿಕೊಂಡರು. “ಸೆಕೆ ಅಮ್ಮ.”

ಸೊಸೆ ನಕ್ಕಳು, ಮೊಮ್ಮಗಳು ಕುಣಿದಳು. ನನಗೆ ನಗು ಬರಲಿಲ್ಲ. ಲಾರಿಯ ಮಾತು ಹಾಗೇ ಉಳಿದಿತ್ತಲ್ಲ. ಅಧಿಕಾರಿ ಠಾಣೆಗೆ ಫೋನ್ ಮಾಡಿದರು. ಗುದ್ದಿಸಿಕೊಂಡ ಕಾರು ಯಾರದ್ದೆಂದು ಅಲ್ಲಿಯೂ ಗೊತ್ತಿರಲಿಲ್ಲ.

“ಅಜ್ಜಿ, ಗ್ಯಾಸ್ ಹಚ್ಲಾ? ಕಾಳು ಹಾಳಾಗುತ್ತೆ.”

“ಮುಟ್ಟಬೇಡ. ನಿಮ್ಮಪ್ಪನ ಮುಖ ನೋಡೋ ತನಕ ಹಚ್ಚೋ ಹಾಗಿಲ್ಲ.”

ಸುದ್ದಿ ಮನೆಗೆ ಬಂದಿದೆ, ಮಗ ಬಂದಿಲ್ಲ. ಜಗಲಿಯಲ್ಲಿ ಎಲ್ಲರೂ ಗೇಟು ನೋಡುತ್ತ ಕೂತೆವು. ಆ ಅಧಿಕಾರಿಯೂ ಕೂತರು. ಪ್ರತಿ ಹಾರನ್ನಿಗೂ ನಾನು ಎದ್ದು ಗೇಟಿನ ತನಕ ಹೋಗಿ ಬರುತ್ತಿದ್ದೆ.

ಹೊತ್ತು ಇಳಿಯುವಾಗ ಅವನ ಕಾರು ಬಂತು. ಇಳಿದವನ ಮೈಮೇಲೆ ಒಂದು ಗೀರೂ ಇಲ್ಲ.

“ಲಾರಿ ಅಡ್ಡ ನಿಂತು ರೋಡೆಲ್ಲ ಜಾಮ್ ಅಮ್ಮ. ಫೋನಲ್ಲಿ ಚಾರ್ಜ್ ಇರ್ಲಿಲ್ಲ. ಏನಿದು ಜೀಪು?”

“ದೇಶಕ್ಕೆಲ್ಲ ಕರೆಂಟ್ ಕೊಡೋರ ಫೋನಲ್ಲೇ ಚಾರ್ಜ್ ಇಲ್ಲ!” ಎಂದಳು ಮೊಮ್ಮಗಳು.

ಅವನ ಎರಡೂ ಕೆನ್ನೆ ಹಿಡಿದು ನೋಡಿದೆ. ಆಮೇಲೆ ಒಳಗೆ ಹೋಗಿ ಒಲೆಯನ್ನು ನಾನೇ ಹಚ್ಚಿದೆ.

ಅರ್ಧ ಬೆಂದು ತಣ್ಣಗಾದ ಹುರುಳಿ ಮತ್ತೆ ಎಷ್ಟು ಕುದಿಸಿದರೂ ಮೆತ್ತಗಾಗಲಿಲ್ಲ. ಅದನ್ನೇ ಸಾರು ಮಾಡಿ, ಅಧಿಕಾರಿಯನ್ನೂ ಬಿಡದೆ, ಆ ಸಂಜೆ ಮನೆಯವರೆಲ್ಲ ಸಾಲಾಗಿ ಕೂತು ಉಂಡೆವು.

“ಅಜ್ಜಿ, ಇದು ಕಾಳೋ ಕಲ್ಲೋ?”

“ಗಡಿಯಲ್ಲಿ ಇದಕ್ಕಿಂತ ಗಟ್ಟಿ ತಿಂದಿದೀನಿ, ಸುಮ್ನೆ ತಿನ್ನು” ಎಂದು ಮಗ ತಟ್ಟೆ ಮುಂದೆ ಮಾಡಿದ. ಅವನಿಗೆ ಇನ್ನೊಂದು ಸೌಟು ಬಡಿಸಿದೆ.